ಜೇಡಿಯ ಹಾಳೆಗೆ ಏನು ಕಟ್ಟಿದಿರಿ, ಎಲ್ಲಿ ಕಟ್ಟಿದಿರಿ?

ಧಾರವಾಡ, ಗದಗ, ವಿಜಯಪುರದ ಕಡೆಯವರು ಈ ಸಭೆಯಲ್ಲಿದ್ದರೆ ಇವತ್ತಿನ ಉಪನ್ಯಾಸದ ವಿಷಯದ, ಅಂದರೆ ಜೇಡಿಮಣ್ಣಿನ ಪದರಗಳಿಗೆ ಬೇರೆ ಅಣುಗಳನ್ನು ಕಟ್ಟಿ ಹೊಸ ಗುಣ ಕೊಡುವುದರ, ಅರ್ಧ ಭಾಗ ಅವರಿಗೆ ಆಗಲೇ ಗೊತ್ತಿದೆ. ಬೇಸಿಗೆಯಲ್ಲಿ ಎರೆಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಬಾಯಿ ಬಿಡುತ್ತದೆ. ಬಿರುಕಿನೊಳಗೆ ಕೈ ಇಳಿಸಿದರೆ ಮೊಣಕೈವರೆಗೂ ಹೋಗುತ್ತದೆ. ಮಳೆ ಬಿತ್ತೋ, ಅದೇ ಹೊಲ ಉಬ್ಬಿ ಬಿರುಕು ಮುಚ್ಚಿಕೊಂಡು, ಕಾಲಿಗೆ ಮೆತ್ತಿ ಚಪ್ಪಲಿ ಕಿತ್ತುಕೊಳ್ಳುತ್ತದೆ. ಪಕ್ಕದ ಕೆಂಪು ಮಣ್ಣಿನ ಮಸಾರಿ ಹೊಲಕ್ಕೆ ಈ ಚಾಳಿ ಇಲ್ಲ. ಎರೆಯಲ್ಲಿ ಮನೆ ಕಟ್ಟುವವರು ಅಡಿಪಾಯದ ಗುಂಡಿಯಿಂದ ಎರೆ ತೆಗೆಸಿ ಗರಸು ತುಂಬಿಸುವುದೂ ಇದಕ್ಕೇ.

ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪಾಲು ಹೆಚ್ಚು, ಮಸಾರಿಯಲ್ಲಿ ಕೆಯೊಲಿನೈಟ್ ಹೆಚ್ಚು. ಎರಡೂ ಪದರ ಪದರವಾದ ಖನಿಜಗಳೇ. ಕೆಯೊಲಿನೈಟಿನ ಪದರಗಳು ಹೈಡ್ರೋಜನ್ ಬಂಧದಿಂದ ಒಂದಕ್ಕೊಂದು ಅಂಟಿಕೊಂಡಿವೆ, ನೀರಿಗೆ ದಾರಿ ಬಿಡುವುದಿಲ್ಲ. ಮಾಂಟ್‌ಮೊರಿಲೊನೈಟಿನ ಪದರವೆಂದರೆ ಎರಡು ಸಿಲಿಕಾ ಹಾಳೆ, ನಡುವೆ ಒಂದು ಅಲ್ಯೂಮಿನಾ ಹಾಳೆ. ಒಟ್ಟು ದಪ್ಪ 0.96 ನ್ಯಾನೊಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೊಮೀಟರ್). ನಡುವಿನ ಹಾಳೆಯಲ್ಲಿ ಕೆಲವು ಅಲ್ಯೂಮಿನಿಯಂ ಪರಮಾಣುಗಳ ಜಾಗದಲ್ಲಿ ಮೆಗ್ನೀಸಿಯಂ ಕೂತಿರುತ್ತದೆ. ಮೂರು ಧನ ಆವೇಶ ಇರಬೇಕಾದಲ್ಲಿ ಎರಡೇ ಇದ್ದರೆ ಪದರದ ಮೇಲೆ ಋಣ ಆವೇಶ ಉಳಿಯುತ್ತದೆ. ಅದನ್ನು ಸರಿದೂಗಿಸಲು ಪದರಗಳ ಸಂದಿಯಲ್ಲಿ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಬಂದು ಕೂರುತ್ತವೆ. ಆ ಅಯಾನುಗಳಿಗೆ ನೀರಿನ ಆಸೆ. ನೀರಿನ ಒಂದು ಸಾಲು ನುಗ್ಗಿದರೆ ಪದರದ ಅಂತರ ಸುಮಾರು 1.25 ನ್ಯಾನೊಮೀಟರಿಗೆ, ಎರಡು ಸಾಲು ನುಗ್ಗಿದರೆ 1.5ಕ್ಕೆ ಏರುತ್ತದೆ. ಹೊಲ ಉಬ್ಬುವುದು, ಗೋಡೆ ಸೀಳುವುದು ಇಷ್ಟರಿಂದಲೇ.

ಪದರಗಳೆಲ್ಲ ಬಿಡಿಬಿಡಿಯಾದರೆ ಒಂದು ಗ್ರಾಂ ಜೇಡಿಯ ಮೇಲ್ಮೈ ಸುಮಾರು 750 ಚದರ ಮೀಟರ್. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಆರೇಳು 30×40 ಸೈಟು, ಒಂದು ಗ್ರಾಮಿನಲ್ಲಿ. ನೈಸರ್ಗಿಕ ಜೇಡಿಯನ್ನು ನ್ಯಾನೊವಸ್ತು ಎನ್ನುವುದು ಇದೇ ಕಾರಣಕ್ಕೆ. ಇದನ್ನು ಯಾರೂ ಕಂಡುಹಿಡಿಯಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಆ ಮೇಲ್ಮೈಗೆ ನಮಗೆ ಬೇಕಾದ ಗುಣ ಕೊಡುವುದು: ಎಣ್ಣೆಯೊಂದಿಗೆ ಬೆರೆಯುವಂತೆ, ಪ್ಲಾಸ್ಟಿಕ್ಕಿನೊಳಗೆ ಹರಡುವಂತೆ, ಬಣ್ಣವನ್ನೋ ಕಿಣ್ವವನ್ನೋ ಹಿಡಿದಿಟ್ಟುಕೊಳ್ಳುವಂತೆ ಮಾಡುವುದು. ಅದಕ್ಕೆ ಪದರದ ಮೇಲೆ ಒಂದು ಸಾವಯವ ಗುಂಪು, ಅಂದರೆ ಇಂಗಾಲದ ಅಣುವಿನ ತುಂಡು, ಕಟ್ಟಬೇಕು. ಕಟ್ಟುವ ಜಾಗ ಮೂರು: ಪದರಗಳ ಸಂದಿ, ಪದರದ ಅಂಚು, ಅಥವಾ ಪದರದ ಮೈಯೇ. ಈ ಕ್ಷೇತ್ರದಲ್ಲಿ ಬರುವ ಲೇಖನಗಳಲ್ಲಿ ಬಹುಪಾಲು ತಕರಾರು, ಒಂದು ಜಾಗದಲ್ಲಿ ಕಟ್ಟಿ ಇನ್ನೊಂದು ಜಾಗದಲ್ಲಿ ಕಟ್ಟಿದ್ದೇವೆ ಎಂದುಕೊಳ್ಳುವುದರಿಂದಲೇ ಹುಟ್ಟುತ್ತದೆ.

ಸಂದಿಯಲ್ಲಿ ಕಟ್ಟುವುದು

ಇದು ಹಳೆಯ ದಾರಿ. ಸಂದಿಯ ಸೋಡಿಯಮ್ಮನ್ನು ಹೊರದೂಡಿ ಅದರ ಜಾಗದಲ್ಲಿ ಉದ್ದ ಬಾಲದ ಅಮೋನಿಯಂ ಅಯಾನು ಕೂರಿಸುವುದು. 1949ರಲ್ಲೇ ಜಾನ್ ಜೋರ್ಡಾನ್ ಹೀಗೆ ಎಣ್ಣೆಗೆ ಒಲಿಯುವ ಬೆಂಟೊನೈಟ್ (ಮಾಂಟ್‌ಮೊರಿಲೊನೈಟ್ ಹೆಚ್ಚಿರುವ ಗಣಿಯ ಜೇಡಿ) ಮಾಡಿ ಪ್ರಕಟಿಸಿದ್ದರು. ಪೇಂಟು, ಗ್ರೀಸು, ಉಗುರುಬಣ್ಣ ಡಬ್ಬಿಯಲ್ಲಿ ತಳಕ್ಕೆ ಇಳಿಯದೆ ನಿಲ್ಲುವುದಕ್ಕೆ ಇವತ್ತಿಗೂ ಇದೇ ಜೇಡಿ ಹಾಕುತ್ತಾರೆ.

ಮಾಡುವ ಕ್ರಮ ಕಷ್ಟದ್ದಲ್ಲ, ಆದರೆ ಅವಸರ ಮಾಡಿದರೆ ಕೆಡುತ್ತದೆ. ಒಂದು ಲೀಟರ್ ಡಿಸ್ಟಿಲ್ಡ್ ನೀರು ತಿರುಗುತ್ತಿರುವಾಗ 10 ಗ್ರಾಂ ಸೋಡಿಯಂ ಬೆಂಟೊನೈಟನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. ಜೇಡಿಯ ಮೇಲೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಮುದ್ದೆ ಗಂಟಾದರೆ ಕೋಲಿನಿಂದ ಒಡೆಯಬಹುದು. ಇದು ಹೊರಗೆ ಜೆಲ್ಲಾಗಿ ಒಳಗೆ ಒಣಗಿಯೇ ಉಳಿಯುವ ಗಂಟು, ದಿನವಿಡೀ ತಿರುಗಿಸಿದರೂ ಬಿಡುವುದಿಲ್ಲ. ರಾತ್ರಿಯಿಡೀ ತಿರುಗಿಸಿ, ಆಮೇಲೆ ಅಲ್ಲಾಡಿಸದೆ 8 ಗಂಟೆ ಬಿಟ್ಟು ಮೇಲಿನ 10 ಸೆಂಟಿಮೀಟರನ್ನು ಮಾತ್ರ ಸೈಫನ್ ಮಾಡಿಕೊಳ್ಳಬೇಕು. ಎರಡು ಮೈಕ್ರೊಮೀಟರಿಗಿಂತ ದೊಡ್ಡ ಕಣಗಳು ಅಷ್ಟು ಹೊತ್ತಿಗೆ ಅಷ್ಟು ಆಳ ಇಳಿದಿರುತ್ತವೆ. ತಳದಲ್ಲಿ ಉಳಿಯುವುದು ಕ್ವಾರ್ಟ್ಜ್ ಮರಳು, ಫೆಲ್ಡ್‌ಸ್ಪಾರ್. ಅದನ್ನು ಬಿಸಾಡದೆ ತೂಗಿ ನೋಡಿ, ನೀವು ದುಡ್ಡು ಕೊಟ್ಟು ತಂದ ಜೇಡಿಯಲ್ಲಿ ಎಷ್ಟು ಮರಳಿತ್ತು ಎಂಬುದು ಗೊತ್ತಾಗಲಿ. ಸೈಫನ್ ಮಾಡಿದ್ದನ್ನು ಒಣಗಿಸಿ ತೂಗಿಟ್ಟುಕೊಳ್ಳಬೇಕು. ಮುಂದಿನ ಲೆಕ್ಕವೆಲ್ಲ ಈ ಶುದ್ಧ ಜೇಡಿಯ ಮೇಲೆ.

ಇನ್ನು ಎಷ್ಟು ಅಮೋನಿಯಂ ಉಪ್ಪು ಹಾಕಬೇಕು ಎಂಬ ಲೆಕ್ಕ. ಜೇಡಿ ಎಷ್ಟು ಅಯಾನು ಬದಲಿಸಿಕೊಳ್ಳಬಲ್ಲದು ಎಂಬುದನ್ನು ಚೀಲದ ಮೇಲಿನ ಅಂಕಿ ನಂಬದೆ ನಾವೇ ಅಳೆಯಬೇಕು. ಮೆಥಿಲೀನ್ ಬ್ಲೂ ಎಂಬ ಧನ ಆವೇಶದ ನೀಲಿ ಬಣ್ಣದ ಪರೀಕ್ಷೆ ಸಾಕು. ಅರ್ಧ ಗ್ರಾಂ ಜೇಡಿಯನ್ನು ನೀರಿನಲ್ಲಿ ಕದಡಿ, 0.01 ನಾರ್ಮಲ್ ಮೆಥಿಲೀನ್ ಬ್ಲೂ ದ್ರಾವಣವನ್ನು ಬ್ಯುರೆಟ್ಟಿನಿಂದ ಒಂದೊಂದು ಮಿಲಿಲೀಟರ್ ಬಿಡುತ್ತ, ಪ್ರತಿ ಸಲ ಗಾಜಿನ ಕಡ್ಡಿಯಿಂದ ಒಂದು ಹನಿ ಫಿಲ್ಟರ್ ಪೇಪರಿಗೆ ಮುಟ್ಟಿಸಬೇಕು. ಮೊದಮೊದಲು ಕಡುನೀಲಿ ಚುಕ್ಕಿ, ಸುತ್ತ ಬರೀ ನೀರಿನ ಉಂಗುರ. ಜೇಡಿಗೆ ಸಾಕಾದ ಗಳಿಗೆ ಆ ಉಂಗುರ ತಿಳಿನೀಲಿಗೆ ತಿರುಗುತ್ತದೆ. ಎರಡು ನಿಮಿಷ ತಿರುಗಿಸಿ ಮತ್ತೆ ಮುಟ್ಟಿಸಿದಾಗಲೂ ನೀಲಿ ಉಂಗುರ ಉಳಿದರೆ ಅದೇ ಕೊನೆ. 45 ಮಿಲಿಲೀಟರ್ ಹಿಡಿಯಿತು ಅನ್ನಿ, ಆಗ 100 ಗ್ರಾಂ ಜೇಡಿಗೆ 90 ಮಿಲಿಈಕ್ವಿವಲೆಂಟ್ (ಒಂದೇ ಆವೇಶದ ಅಯಾನಿಗೆ ಇದು ಮಿಲಿಮೋಲ್ ಲೆಕ್ಕವೇ). ಮಾಂಟ್‌ಮೊರಿಲೊನೈಟಿನಲ್ಲಿ ಇದು ಸಾಮಾನ್ಯವಾಗಿ 80ರಿಂದ 120ರೊಳಗೆ ಇರುತ್ತದೆ. 50–60 ಬಂದರೆ ಜೇಡಿ ಶುದ್ಧವಿಲ್ಲ.

ಹಾಗಾದರೆ ಶುದ್ಧ ಮಾಡಿದ 10 ಗ್ರಾಂ ಜೇಡಿಗೆ 9 ಮಿಲಿಮೋಲ್ ಬೇಕು. ಸೆಟೈಲ್ ಟ್ರೈಮೆಥಿಲ್ ಅಮೋನಿಯಂ ಬ್ರೋಮೈಡ್, ಅಂದರೆ ಎಲ್ಲರೂ ಸಿಟಿಎಬಿ ಎನ್ನುವುದು, ಅದರ ಅಣುತೂಕ 364.5; ಆದ್ದರಿಂದ 3.28 ಗ್ರಾಂ. ಇದನ್ನು ಬಿಸಿನೀರಿನಲ್ಲೇ ಕರಗಿಸಬೇಕು. ಕೋಣೆಯ ಉಷ್ಣತೆ 25 ಡಿಗ್ರಿಗಿಂತ ಇಳಿದರೆ ಸಿಟಿಎಬಿ ಹರಳುಗಟ್ಟಿ ಬ್ಯುರೆಟ್ಟಿನ ಮೂತಿಯಲ್ಲೇ ಕೂರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಇದು ದಿನನಿತ್ಯದ ಕಾಟ. 60 ಡಿಗ್ರಿಯಲ್ಲಿರುವ ಜೇಡಿ ನೀರಿಗೆ ಹನಿಹನಿಯಾಗಿ ಬಿಟ್ಟು ಮೂರು ನಾಲ್ಕು ಗಂಟೆ ತಿರುಗಿಸಿದರೆ, ಹಾಲಿನಂತಿದ್ದದ್ದು ಮೊಸರೊಡೆದಂತೆ ಒಡೆಯುತ್ತದೆ. ಸೋಸಿ, ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದರೆ ತಿಳಿಹಳದಿ ಮಬ್ಬು ಬಾರದವರೆಗೂ ತೊಳೆಯಬೇಕು. ನಾಲ್ಕೈದು ಸಲವಂತೂ ಬೇಕಾಗುತ್ತದೆ. 60 ಡಿಗ್ರಿಯಲ್ಲಿ ಒಣಗಿಸಿ ಅರೆದು 200 ಮೆಶ್ ಜರಡಿಯಲ್ಲಿ ಹಿಡಿಯಬೇಕು.

ಆಯಿತೋ ಇಲ್ಲವೋ ಎಂದು ತಿಳಿಯಲು ಎಕ್ಸ್‌ರೇ ಯಂತ್ರವೇ ಬೇಕೆಂದಿಲ್ಲ. ಒಂದು ಚಿಟಿಕೆ ಪುಡಿಯನ್ನು ನೀರಿನ ಮೇಲೆ ಉದುರಿಸಿ. ಸಿಟಿಎಬಿ ಸೇರದ ಜೇಡಿ ತಕ್ಷಣ ಮುಳುಗುತ್ತದೆ, ಇದು ನೀರು ಹಿಡಿಯದೆ ತೇಲುತ್ತದೆ. ಯಂತ್ರವಿದ್ದರೆ, ಪದರಗಳಿಂದ ಎಕ್ಸ್‌ರೇ ಚದುರುವ ಕೋನದ ಗ್ರಾಫಿನಲ್ಲಿ 7 ಡಿಗ್ರಿಯ ಹತ್ತಿರವಿದ್ದ ಮೊದಲ ಶಿಖರ ನಾಲ್ಕೂವರೆ–ಐದು ಡಿಗ್ರಿಗೆ ಸರಿದಿರುತ್ತದೆ. ಪದರದ ಅಂತರ 1.25ರಿಂದ 1.8–2.0 ನ್ಯಾನೊಮೀಟರಿಗೆ ಏರಿದೆ ಎಂದರ್ಥ.

ಎಡವುವುದು ಎಲ್ಲಿ? ಹೆಚ್ಚು ಹಾಕಿದರೆ ಒಳ್ಳೆಯದಲ್ಲವೇ ಎಂದು ಲೆಕ್ಕಕ್ಕೆ ಎರಡರಷ್ಟು ಸಿಟಿಎಬಿ ಸುರಿಯುವುದರಲ್ಲಿ. ಶಿಖರ ಇನ್ನಷ್ಟು ಎಡಕ್ಕೆ ಸರಿಯುವುದರಿಂದ ಚಿತ್ರ ಚೆನ್ನಾಗಿ ಕಾಣುತ್ತದೆ. ಆದರೆ ಲೆಕ್ಕಕ್ಕಿಂತ ಹೆಚ್ಚಾದ ಅಣುಗಳು ಪದರದ ಆವೇಶಕ್ಕೆ ಕಟ್ಟಿಕೊಂಡಿಲ್ಲ, ಬಾಲಕ್ಕೆ ಬಾಲ ಸೇರಿಸಿ ಜೋತುಬಿದ್ದಿವೆ. ನೀರಿಗಿಟ್ಟರೆ ಕಳಚಿಕೊಳ್ಳುತ್ತವೆ. ನೀರು ಶುದ್ಧ ಮಾಡಲು ಹಾಕಿದ ಜೇಡಿ, ಮೀನಿಗೂ ಪಾಚಿಗೂ ವಿಷವಾದ ಸಿಟಿಎಬಿಯನ್ನು ಆ ನೀರಿಗೇ ಬಿಟ್ಟ ಹಾಗಾಯಿತು.

ಎರಡನೆಯ ತೊಡಕು ಶಾಖ. ಇಂಥ ಅಮೋನಿಯಂ ಬಾಲಗಳು ಸುಮಾರು 200 ಡಿಗ್ರಿಯ ಹೊತ್ತಿಗೆ ಮುರಿಯತೊಡಗುತ್ತವೆ, ನೈಲಾನ್ ಕರಗಿಸಲು 240 ಬೇಕು. ಸಂದಿಯಲ್ಲಿದ್ದದ್ದು ಕಿತ್ತುಹೋದರೆ ಪದರಗಳು ಮತ್ತೆ ಕುಸಿದು ಒಂದರ ಮೇಲೊಂದು ಕೂರುತ್ತವೆ. 1980ರ ದಶಕದ ಕೊನೆಯಲ್ಲಿ ಜಪಾನಿನ ಟೊಯೋಟ ಸಂಶೋಧನಾ ಕೇಂದ್ರದವರು ಈ ತೊಡಕನ್ನು ಬೇರೆ ದಾರಿಯಿಂದ ದಾಟಿದರು. ಅವರು ಸಂದಿಯಲ್ಲಿ ಕೂರಿಸಿದ್ದು ಹನ್ನೆರಡು ಇಂಗಾಲದ ಅಮೈನೊ ಆಮ್ಲವನ್ನು. ಅದರ ಒಂದು ತುದಿ ಪದರಕ್ಕೆ ಅಂಟಿಕೊಂಡರೆ ಇನ್ನೊಂದು ತುದಿಯಿಂದಲೇ ನೈಲಾನ್ ಸರಪಳಿ ಬೆಳೆಯುತ್ತದೆ. ನೈಲಾನ್ ಒಳಗಿನಿಂದ ಬೆಳೆಯುತ್ತ ಪದರಗಳನ್ನು ದೂರ ತಳ್ಳಿತು. ನೂರಕ್ಕೆ ಐದರ ಒಳಗೆ ಜೇಡಿ ಹಾಕಿದ್ದಕ್ಕೆ, ಭಾರ ಹೇರಿದಾಗ ಬಾಗುವ ಉಷ್ಣತೆ 65 ಡಿಗ್ರಿಯಿಂದ ಸುಮಾರು 150ಕ್ಕೆ ಏರಿತು. ಕಾರಿನ ಎಂಜಿನ್ನಿನ ಟೈಮಿಂಗ್ ಬೆಲ್ಟಿನ ಮುಚ್ಚಳವಾಗಿ ಅದು ಮಾರುಕಟ್ಟೆಗೂ ಬಂತು.

ಅಂಚಿಗೆ ಕಟ್ಟುವುದು

ಕಳಚಿಕೊಳ್ಳಬಾರದು ಎಂದರೆ ಕೋವೇಲೆಂಟ್ ಬಂಧ (ಎಲೆಕ್ಟ್ರಾನ್ ಹಂಚಿಕೊಂಡ ಗಟ್ಟಿ ಬಂಧ) ಬೇಕು. ಅದಕ್ಕೆ ಸಿಲೇನ್ ಎಂಬ, ಸಿಲಿಕಾನ್ ಹೊತ್ತ ಸಾವಯವ ಅಣು ಬಳಸುತ್ತಾರೆ. ಆದರೆ ಸಿಲೇನ್ ಹಿಡಿಯಲು ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್ (ಆಮ್ಲಜನಕ–ಹೈಡ್ರೋಜನ್ ಜೋಡಿ) ಇರಬೇಕು. ಮಾಂಟ್‌ಮೊರಿಲೊನೈಟಿನ ವಿಶಾಲವಾದ ಮುಖದ ಮೇಲೆ ಅದಿಲ್ಲ, ಹಾಳೆ ಮುರಿದ ಅಂಚಿನಲ್ಲಿ ಮಾತ್ರ ಇದೆ. ಅಂಚು ಎಷ್ಟು? 200 ನ್ಯಾನೊಮೀಟರ್ ಅಗಲ, 1 ನ್ಯಾನೊಮೀಟರ್ ದಪ್ಪದ ಬಿಲ್ಲೆಯಲ್ಲಿ ಮುಖದ ವಿಸ್ತೀರ್ಣದ ನೂರಕ್ಕೆ ಒಂದು ಪಾಲು. ಲ್ಯಾಪೊನೈಟ್ ಎಂಬ ಕೃತಕ ಜೇಡಿಯ ಬಿಲ್ಲೆ 25 ನ್ಯಾನೊಮೀಟರಿನದು. ಅಲ್ಲಿ ಅಂಚಿನ ಪಾಲು ನೂರಕ್ಕೆ ಎಂಟು. ಅಂಚಿಗೆ ಕಟ್ಟುವ ಕೆಲಸಕ್ಕೆ ಲ್ಯಾಪೊನೈಟ್ ಒಗ್ಗುವುದು ಇದರಿಂದ.

110 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿದ ಜೇಡಿ, ನೀರಿಲ್ಲದ ಟಾಲ್ವೀನ್, ಸಿಲೇನ್ ಸೇರಿಸಿ 24 ಗಂಟೆ ರಿಫ್ಲಕ್ಸ್ ಮಾಡುವುದು, ಅಂದರೆ ಆವಿ ತಣಿದು ಮರಳಿ ಬೀಳುವಂತೆ ಕುದಿಸುವುದು, ವಾಡಿಕೆ. ಟಾಲ್ವೀನಿನಲ್ಲಿ ನೀರು ಉಳಿದಿದ್ದರೆ ಸಿಲೇನ್ ತನ್ನೊಳಗೆ ತಾನೇ ಹೆಣೆದುಕೊಂಡು ಬೇರೆ ಗಟ್ಟಿಯಾಗುತ್ತದೆ. ಜೇಡಿಗೆ ಅಂಟಿಲ್ಲ, ತೊಳೆದರೆ ಹೋಗುವುದೂ ಇಲ್ಲ. ಇನ್ನೊಂದು ಮೋಸ ಅಮೈನೊಸಿಲೇನಿನದು. ಅದರ ಅಮೈನ್ (ನೈಟ್ರೋಜನ್ ಇರುವ ಗುಂಪು) ಪ್ರೋಟಾನ್ ಹಿಡಿದು ಧನ ಆವೇಶ ಪಡೆದರೆ ಸೋಡಿಯಮ್ಮಿನ ಜಾಗಕ್ಕೆ ನುಸುಳುತ್ತದೆ. ಕಾಯಿಸುತ್ತ ತೂಕ ಇಳಿಕೆ ಅಳೆದ ಗ್ರಾಫಿನಲ್ಲಿ ‘ಭಾರೀ ಕಸಿ’ ಎಂದು ಕಾಣುವುದು ಎಷ್ಟೋ ಸಲ ಬರೀ ಅಯಾನು ಬದಲಾವಣೆ. ಒಂದು ಮೋಲಾರ್ ಉಪ್ಪುನೀರಿನಲ್ಲಿ ಎರಡು ಸಲ ತೊಳೆದು, ಆಮೇಲೆ ಅಮೈನ್ ಇದ್ದಲ್ಲಿ ನೇರಳೆ ಬಣ್ಣ ಕೊಡುವ ನಿನ್‌ಹೈಡ್ರಿನ್ ಹಾಕಿ ಕಾಯಿಸಿ ನೋಡಿ. ನೇರಳೆ ಬಣ್ಣ ಹಾಗೇ ಉಳಿದರೆ ಸಂದಿಯ ಅನುಮಾನ ದೂರವಾಯಿತು. ತೊಳೆದ ನೀರೇ ನೇರಳೆಯಾದರೆ ಕಟ್ಟಿದ್ದು ಅಂಚಿಗಲ್ಲ, ಸಂದಿಗೆ.

ಮೈಯಲ್ಲೇ ಬೆಳೆಸುವುದು

ಮೂರನೆಯ ದಾರಿಯಲ್ಲಿ ಜೇಡಿಯನ್ನು ಗಣಿಯಿಂದ ತರುವುದೇ ಇಲ್ಲ. ಸಾವಯವ ಗುಂಪು ಹೊತ್ತೇ ಹುಟ್ಟುವಂತೆ ಬೀಕರಿನಲ್ಲಿ ಮಾಡಿಕೊಳ್ಳುತ್ತೇವೆ. ಬ್ರಿಟನ್ನಿನ ಸ್ಟೀಫನ್ ಮ್ಯಾನ್ ಅವರ ತಂಡ 1997ರಲ್ಲಿ ಇಂಥ ಸಿಲಿಕೇಟುಗಳನ್ನು ವಿವರವಾಗಿ ಪ್ರಕಟಿಸಿತು. ಅದರಲ್ಲಿ ಅಮೈನ್ ಹೊತ್ತ ಮೆಗ್ನೀಸಿಯಂ ಜೇಡಿಗೆ ಅಮೈನೊಕ್ಲೇ ಎಂಬ ಹೆಸರು ನಿಂತಿದೆ. ಅದರಿಂದ ಬಗೆಬಗೆಯ ವಸ್ತು ಮಾಡಿದ ಕೆಲಸದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಎಂ. ಈಶ್ವರಮೂರ್ತಿ ಅವರ ಗುಂಪಿನ ಪಾಲು ದೊಡ್ಡದು.

ಪಾಕ ಇಷ್ಟೇ: 0.84 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟನ್ನು 20 ಗ್ರಾಂ ಎಥನಾಲಿನಲ್ಲಿ ಕರಗಿಸಿ, ತಿರುಗಿಸುತ್ತ 1.3 ಮಿಲಿಲೀಟರ್ ಅಮೈನೊಪ್ರೊಪೈಲ್ ಟ್ರೈಇಥಾಕ್ಸಿಸಿಲೇನನ್ನು ಹನಿಹನಿಯಾಗಿ ಬಿಡುವುದು. ಐದು ನಿಮಿಷದಲ್ಲಿ ಬಿಳಿ ಗಸಿ. ರಾತ್ರಿಯಿಡೀ ತಿರುಗಿಸಿ, ಸೆಂಟ್ರಿಫ್ಯೂಜ್ ಮಾಡಿ, ಎಥನಾಲಿನಲ್ಲಿ ತೊಳೆದು, 40 ಡಿಗ್ರಿಯಲ್ಲಿ ಒಣಗಿಸುವುದು. ಬಿಸಿ ಮಾಡುವುದಿಲ್ಲ, ಒತ್ತಡ ಹಾಕುವುದಿಲ್ಲ, ಬೇರೆ ಪ್ರತ್ಯಾಮ್ಲವನ್ನೂ ಸೇರಿಸುವುದಿಲ್ಲ.

ಈ ಚಿಕ್ಕ ಪಾಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಪ್ರತ್ಯಾಮ್ಲ ಯಾಕೆ ಬೇಡ? ಸಿಲೇನಿನ ಅಮೈನೇ ಪ್ರತ್ಯಾಮ್ಲ. ಅದು ಬಿದ್ದೊಡನೆ ಪಿಎಚ್ ಏರಿ ಮೆಗ್ನೀಸಿಯಂ ಹೈಡ್ರಾಕ್ಸೈಡಿನ ಹಾಳೆ ಕೂಡಿಕೊಳ್ಳುತ್ತದೆ, ಆ ಹಾಳೆಯ ಎರಡೂ ಮಗ್ಗುಲಲ್ಲಿ ಸಿಲೇನ್ ಬಂದು ಕಚ್ಚುತ್ತದೆ. ಸಿಲೇನ್ ಕಚ್ಚಬೇಕಾದರೆ ಮೊದಲು ಅದರ ಮೂರು ಇಥಾಕ್ಸಿ ಗುಂಪುಗಳು ನೀರಿನಿಂದ ಕಳಚಬೇಕು. ಎಥನಾಲಿನಲ್ಲಿ ನೀರೆಲ್ಲಿದೆ? ಉಪ್ಪಿನ ಹರಳಿನಲ್ಲೇ ಇದೆ. 0.84 ಗ್ರಾಂ ಉಪ್ಪೆಂದರೆ 4.1 ಮಿಲಿಮೋಲ್, ಒಂದೊಂದಕ್ಕೆ ಆರರಂತೆ ಸುಮಾರು 25 ಮಿಲಿಮೋಲ್ ನೀರು. 1.3 ಮಿಲಿಲೀಟರ್ ಸಿಲೇನ್ 5.5 ಮಿಲಿಮೋಲ್, ಅದಕ್ಕೆ ಬೇಕಾದದ್ದು 16–17. ಸಾಕಾಗಿ ಮಿಗುತ್ತದೆ. ನಿರ್ಜಲ ಮೆಗ್ನೀಸಿಯಂ ಕ್ಲೋರೈಡೇ ಹೆಚ್ಚು ಶುದ್ಧವೆಂದು ಅದನ್ನೂ ಒಣ ಎಥನಾಲನ್ನೂ ತಂದು ಹಾಕಿದವರಿಗೆ ಗಸಿ ಸರಿಯಾಗಿ ಬರುವುದಿಲ್ಲ, ದೋಷ ಸಿಲೇನಿನದಲ್ಲ.

ಸಿಲಿಕಾನ್–ಮೆಗ್ನೀಸಿಯಂ ಅನುಪಾತವೂ ಹೀಗೇ. 5.5ನ್ನು 4.1ರಿಂದ ಭಾಗಿಸಿದರೆ 1.34. ಟಾಲ್ಕಿನಂಥ (ಟಾಲ್ಕಂ ಪೌಡರಿನ ಖನಿಜ) ಪದರದಲ್ಲಿ ಎಂಟು ಸಿಲಿಕಾನಿಗೆ ಆರು ಮೆಗ್ನೀಸಿಯಂ, ಅಂದರೆ 1.33. ಪಾಕದ ಅಳತೆ ಆ ರಚನೆಯಿಂದಲೇ ಬಂದದ್ದು. ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವ ಹೀರಿ ಕರಗುವ ಉಪ್ಪು. ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದ ಬಾಟಲಿಯಿಂದ 0.84 ಗ್ರಾಂ ತೂಗಿದರೆ ಅದರಲ್ಲಿ ಉಪ್ಪಿನ ಪಾಲು ಕಡಿಮೆ, ಅನುಪಾತ ಕೆಟ್ಟು ಸಿಲೇನ್ ಮಿಕ್ಕುತ್ತದೆ. ಸಿಲೇನ್ ಬಾಟಲಿಯ ತಳದಲ್ಲಿ ಮಬ್ಬೋ ಲೋಳೆಯೋ ಕಂಡರೆ ಅದು ಆಗಲೇ ಹೆಣೆದುಕೊಂಡಿದೆ, ಅದನ್ನು ಬಳಸಬೇಡಿ.

ತೊಳೆಯುವುದು ಎಥನಾಲಿನಲ್ಲೇ ಎಂಬ ಮಾತನ್ನು ಮರೆತವರು ಆ ದಿನದ ಮಾಲನ್ನೆಲ್ಲ ಕಳೆದುಕೊಳ್ಳುತ್ತಾರೆ. ನೀರು ಹಾಕಿದರೆ ಅಮೈನ್‌ಗಳು ಪ್ರೋಟಾನ್ ಹಿಡಿದು ಧನ ಆವೇಶ ಪಡೆಯುತ್ತವೆ, ಹಾಳೆಗಳು ಒಂದನ್ನೊಂದು ತಳ್ಳಿ ಬಿಡಿಬಿಡಿಯಾಗುತ್ತವೆ, ಗಸಿ ಕಣ್ಣೆದುರೇ ತಿಳಿಯಾಗುತ್ತದೆ. ಸೆಂಟ್ರಿಫ್ಯೂಜ್ ಎಷ್ಟು ತಿರುಗಿಸಿದರೂ ತಳಕ್ಕೆ ಏನೂ ಕೂರುವುದಿಲ್ಲ. ಮತ್ತೆ ಎಥನಾಲ್ ಸುರಿದರೆ ಬಿಳಿ ಗಸಿ ವಾಪಸು ಬರುತ್ತದೆ. ತೊಳೆಯುವಾಗ ಕಾಡುವ ಈ ಗುಣವೇ ಅಮೈನೊಕ್ಲೇಯ ಬೆಲೆ. ಮಾಂಟ್‌ಮೊರಿಲೊನೈಟನ್ನು ಬಿಡಿಸಲು ರಾತ್ರಿಯಿಡೀ ತಿರುಗಿಸಬೇಕು. ಇದು ನೀರಿನಲ್ಲಿ ಐದು ನಿಮಿಷ ಸಾನಿಕೇಟ್ ಮಾಡಿದರೆ (ಕಿವಿಗೆ ಕೇಳದ ಶಬ್ದದ ಅಲೆಯಿಂದ ಕದಡಿದರೆ) ಬಿಡುತ್ತದೆ. ಮಾಂಟ್‌ಮೊರಿಲೊನೈಟ್ ಋಣ, ಇದು ಧನ. ಸೂತ್ರದ ಲೆಕ್ಕದಲ್ಲಿ ಗ್ರಾಮಿಗೆ ಸುಮಾರು 6.9 ಮಿಲಿಮೋಲ್ ಅಮೈನ್ ಸಿಗಬೇಕು. ಕ್ಲೋರೈಡೂ ತೇವವೂ ಸೇರಿಕೊಂಡಿರುವುದರಿಂದ ಅಳೆದಾಗ ಅದಕ್ಕಿಂತ ಕಡಿಮೆಯೇ ಬರುತ್ತದೆ.

ಎಕ್ಸ್‌ರೇ ಚಿತ್ರದಲ್ಲಿ ಎರಡು ಶಿಖರ ಹುಡುಕಿ. 5.5 ಡಿಗ್ರಿಯ ಸುತ್ತಮುತ್ತ ಅಗಲವಾದದ್ದೊಂದು, ಪದರದ ಅಂತರ 1.6 ನ್ಯಾನೊಮೀಟರಿನ ಆಸುಪಾಸು. 59 ಡಿಗ್ರಿಯ ಬಳಿ ಇನ್ನೊಂದು. ಟಾಲ್ಕ್ ಜಾತಿಯ ಪದರ ಕೂಡಿದೆ ಎಂಬುದಕ್ಕೆ ಸಾಕ್ಷಿ ಇದೇ. ಮೊದಲನೆಯದಿದ್ದು ಇದಿಲ್ಲದಿದ್ದರೆ ನಿಮ್ಮ ಕೈಗೆ ಬಂದಿರುವುದು ಸಿಲೇನಿನ ಹೆಣಿಗೆ ಮಾತ್ರ, ಜೇಡಿ ಅಲ್ಲ.

ಇದಕ್ಕೂ ದೌರ್ಬಲ್ಯವಿದೆ. ನಡುವಿನ ಹಾಳೆ ಮೆಗ್ನೀಸಿಯಂ ಹೈಡ್ರಾಕ್ಸೈಡ್, ಹುಳಿಗೆ ಕರಗುತ್ತದೆ. ಆಮ್ಲೀಯ ಕಲ್ಮಶ ನೀರಿಗೆ ಹಾಕಿದರೆ ಪದರವೇ ಬಿಚ್ಚಿಹೋಗುತ್ತದೆ. ಒಣಗಿಸುವಾಗ ಬೇಗ ಮುಗಿಯಲೆಂದು ಓವನನ್ನು 100 ಡಿಗ್ರಿಗೆ ಏರಿಸಿದರೆ ಹಾಳೆಗಳು ಪರಸ್ಪರ ಹೆಣೆದುಕೊಂಡು ಆಮೇಲೆ ನೀರಿನಲ್ಲಿ ಬಿಡುವುದಿಲ್ಲ, ಹಳದಿಗೂ ತಿರುಗಬಹುದು.

ಏನಕ್ಕೆ ಬಂತು

ಚಿರೋಟಿಯ ಪದರ ಬೇರೆ ಬೇರೆಯಾಗಿ ನಿಲ್ಲಲು ನಡುವೆ ತುಪ್ಪ, ಅಕ್ಕಿಹಿಟ್ಟು ಕಲಸಿ ಸವರುತ್ತಾರಲ್ಲ, ಅಮೈನೊಕ್ಲೇ ಹಾಳೆಗಳ ನಡುವೆ ಹಾಗೆ ಏನನ್ನು ಸವರಬೇಕು ಎಂಬುದು ನಮ್ಮ ಇಷ್ಟ, ಅದು ಋಣ ಆವೇಶದ್ದಾಗಿದ್ದರೆ ಸರಿ. 2004ರಲ್ಲಿ ಮ್ಯಾನ್ ಅವರ ತಂಡ ಪ್ರೋಟೀನುಗಳಿಗೆ ಈ ಹಾಳೆಗಳನ್ನು ಸುತ್ತಿತು. ಜಕ್ಕೂರಿನಲ್ಲಿ ಈಶ್ವರಮೂರ್ತಿ ಮತ್ತು ಸುಬಿ ಜಾರ್ಜ್ ಅವರ ಗುಂಪುಗಳು 2011ರಲ್ಲಿ ಬೆಳಕು ಹೀರುವ ಬಣ್ಣಗಳನ್ನು ಹಾಳೆಗಳ ಮೇಲೆ ಸಾಲಾಗಿ ಕೂರಿಸಿ ಜೆಲ್ ಮಾಡಿದವು. ನೀರಿನಲ್ಲಿ ಸುಮ್ಮನೆ ಕರಗಿಸಿದರೆ ಒಂದು ಬಣ್ಣದ ಅಣು ಹೀರಿದ ಶಕ್ತಿ ದೂರದಲ್ಲಿರುವ ಇನ್ನೊಂದಕ್ಕೆ ತಲುಪುವುದಿಲ್ಲ. ಹಾಳೆಯ ಮೇಲೆ ಅಕ್ಕಪಕ್ಕ ಕೂತಾಗ ದಾಟುತ್ತದೆ. ಒಂದು ಹೀರಿದ ಬೆಳಕನ್ನು ಇನ್ನೊಂದು ತನ್ನ ಬಣ್ಣದಲ್ಲಿ ಸೂಸುತ್ತದೆ. ಚಿನ್ನ, ಪಲ್ಲಾಡಿಯಂ ನ್ಯಾನೊಕಣಗಳನ್ನು ಒಟ್ಟುಗೂಡದಂತೆ ಹಿಡಿದಿಡಲೂ ಇವೇ ಅಮೈನ್‌ಗಳು ಬಳಕೆಯಾಗಿವೆ. ಲೋಹದ ಪ್ರಮಾಣ ಅಮೈನಿಗಿಂತ ಹೆಚ್ಚಾದರೆ ಮಾತ್ರ ಕಣಗಳು ಸೇರಿ ಕಪ್ಪಗೆ ತಳ ಕಾಣುತ್ತವೆ.

ಆಹಾರದ ಪೊಟ್ಟಣಕ್ಕೆ ಬಳಸುವ ಫಿಲ್ಮಿನ ಲೆಕ್ಕ ಇನ್ನೂ ಸರಳ. ಜೇಡಿ ಹಾಳೆ ಗಾಳಿಯನ್ನು ತಡೆಯುತ್ತದೆ, ಆಮ್ಲಜನಕ ಸುತ್ತು ಬಳಸಿ ಹೋಗಬೇಕು. ಹಾಳೆಯ ಅಗಲ ದಪ್ಪಕ್ಕಿಂತ 100 ಪಟ್ಟಿದ್ದು, ಗಾತ್ರದಲ್ಲಿ ನೂರಕ್ಕೆ ಎರಡು ಭಾಗ ಬೆರೆತಿದ್ದರೆ, ನೀಲ್ಸನ್ ಸೂತ್ರದ ಪ್ರಕಾರ ಫಿಲ್ಮಿನ ಮೂಲಕ ನುಸುಳುವ ಅನಿಲ ಅರ್ಧಕ್ಕೆ ಇಳಿಯುತ್ತದೆ. ಹಾಳೆಗಳು ಬಿಡದೆ ಹತ್ತು ಹತ್ತರ ಕಟ್ಟಾಗಿಯೇ ಉಳಿದರೆ ಅಗಲ–ದಪ್ಪದ ಅನುಪಾತ 10ಕ್ಕೆ ಕುಸಿಯುತ್ತದೆ. ಆಗ ಕಡಿತ ನೂರಕ್ಕೆ ಹನ್ನೊಂದು ಮಾತ್ರ. ಅದೇ ಜೇಡಿ, ಅದೇ ಖರ್ಚು. ಹಾಗಾಗಿ ‘ಎಷ್ಟು ಜೇಡಿ ಹಾಕಿದಿರಿ’ ಎಂದು ಕೇಳುವ ಗಿರಾಕಿಗಿಂತ ‘ಎಷ್ಟು ಬಿಡಿಸಿದಿರಿ’ ಎಂದು ಕೇಳುವ ಗಿರಾಕಿ ಬುದ್ಧಿವಂತ.

ಆವೇಶ ತಿರುಗುಮುರುಗಾದ ಇನ್ನೊಂದು ಬಳಗವಿದೆ. ಎರಡು ಲೋಹಗಳ ಹೈಡ್ರಾಕ್ಸೈಡ್ ಪದರಗಳು, ಚಿಕ್ಕದಾಗಿ ಎಲ್‌ಡಿಎಚ್. ಪದರ ಧನ, ಸಂದಿಯಲ್ಲಿ ಋಣ ಅಯಾನು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ನೀನಾ ಮಿಟ್ಟರ್, ಗೋರ್ಡನ್ ಶು ಅವರ ತಂಡ ಇದಕ್ಕೆ, ಗಿಡದೊಳಗೆ ವೈರಸ್ಸನ್ನು ತಡೆಯುವ ದ್ವಿಎಳೆಯ ಆರ್‌ಎನ್‌ಎ ಅಂಟಿಸಿ ಎಲೆಗಳ ಮೇಲೆ ಸಿಂಪಡಿಸಿತು. ಬರೀ ಆರ್‌ಎನ್‌ಎ ಎಲೆಯ ಮೇಲೆ ಬಹುಕಾಲ ನಿಲ್ಲುವುದಿಲ್ಲ. ಜೇಡಿ ಗಾಳಿಯ ಇಂಗಾಲದ ಡೈಆಕ್ಸೈಡಿಗೂ ತೇವಕ್ಕೂ ನಿಧಾನವಾಗಿ ಕರಗುತ್ತ ಅದನ್ನು ಬಿಟ್ಟುಕೊಡುವುದರಿಂದ, ಒಂದೇ ಸಿಂಪಡಣೆಗೆ ಗಿಡಕ್ಕೆ ವೈರಸ್ಸಿನಿಂದ 20 ದಿನ ರಕ್ಷಣೆ ಸಿಕ್ಕಿತೆಂದು 2017ರಲ್ಲಿ ವರದಿ ಮಾಡಿದರು. ಜೇಡಿ ಕರಗುವುದು ಇಲ್ಲಿ ದೋಷವಲ್ಲ, ಕೆಲಸವೇ ಅದು.

ಎಲ್‌ಡಿಎಚ್ ಮಾಡಲು 30 ಮಿಲಿಮೋಲ್ ಮೆಗ್ನೀಸಿಯಂ ನೈಟ್ರೇಟ್ (ಹರಳಿನ ನೀರೂ ಸೇರಿ 7.7 ಗ್ರಾಂ), 10 ಮಿಲಿಮೋಲ್ ಅಲ್ಯೂಮಿನಿಯಂ ನೈಟ್ರೇಟ್ (ಹಾಗೆಯೇ 3.75 ಗ್ರಾಂ) ನೀರಿನಲ್ಲಿ ಕರಗಿಸಿ, ಸುಮಾರು 3.2 ಗ್ರಾಂ ಕಾಸ್ಟಿಕ್ ಸೋಡಾ ದ್ರಾವಣದೊಂದಿಗೆ ಪಿಎಚ್ 10ರ ಹತ್ತಿರ ಇಟ್ಟು ಜೊತೆಜೊತೆಗೆ ಬಿಡಬೇಕು. ಇಲ್ಲಿ ಶತ್ರು ಗಾಳಿ. ಇಂಗಾಲದ ಡೈಆಕ್ಸೈಡ್ ಕಾರ್ಬೊನೇಟಾಗಿ ಸಂದಿ ಸೇರಿದರೆ ಮತ್ತೆ ಬೇರೆ ಯಾವುದಕ್ಕೂ ಜಾಗ ಬಿಡದು. ನೀರು ಕುದಿಸಿ ಮುಚ್ಚಿ ಆರಿಸಿ, ನೈಟ್ರೋಜನ್ ಹರಿಸುತ್ತ ಮಾಡಿ. ಪದರದ ಅಂತರ 0.89 ನ್ಯಾನೊಮೀಟರ್ ಇದ್ದರೆ ನೈಟ್ರೇಟ್, 0.78ರ ಆಸುಪಾಸು ಇಳಿದಿದ್ದರೆ ಕಾರ್ಬೊನೇಟ್. ಇನ್‌ಫ್ರಾರೆಡ್ ನಂಬಬೇಡಿ, ಎರಡರ ಗೆರೆಗಳೂ ಸೆಂಟಿಮೀಟರಿಗೆ 1360–1385 ಅಲೆಗಳ ಹತ್ತಿರವೇ ಬಂದು ಬೆರೆಯುತ್ತವೆ.

ಕೋಲಾರ, ಪಾವಗಡದ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ತೆಗೆಯಲು ಇದು ಬಂದೀತೇ ಎಂಬ ಪ್ರಶ್ನೆ ಸಹಜ. 450–500 ಡಿಗ್ರಿಯಲ್ಲಿ ಸುಟ್ಟ ಎಲ್‌ಡಿಎಚ್ ನೀರಿಗೆ ಬಿದ್ದರೆ ಮತ್ತೆ ಪದರವಾಗುತ್ತ ಸಿಕ್ಕ ಋಣ ಅಯಾನನ್ನು ಒಳಗೆ ಎಳೆದುಕೊಳ್ಳುತ್ತದೆ. ಡಿಸ್ಟಿಲ್ಡ್ ನೀರಿಗೆ ಸೋಡಿಯಂ ಫ್ಲೋರೈಡ್ ಹಾಕಿ ಪರೀಕ್ಷಿಸಿದರೆ ಅಂಕಿ ಬಹಳ ಸೊಗಸಾಗಿ ಬರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಕೆಲವೇ ಮಿಲಿಗ್ರಾಂ, ಬೈಕಾರ್ಬೊನೇಟ್ ನೂರಾರು ಮಿಲಿಗ್ರಾಂ. ಸಂದಿಗೆ ಮೊದಲು ನುಗ್ಗುವುದು ಅದೇ. ಜೊತೆಗೆ ಹೊರಬರುವ ನೀರಿನ ಪಿಎಚ್ ಕುಡಿಯಲಾಗದಷ್ಟು ಏರುತ್ತದೆ. ಭಾರತೀಯ ಮಾನಕದಲ್ಲಿ ಫ್ಲೋರೈಡಿನ ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5. ಅಷ್ಟಕ್ಕಿಳಿಸಿ, ಪಿಎಚ್ ಸರಿಮಾಡಿ, ಬಳಸಿದ ಜೇಡಿಯನ್ನು ಎಲ್ಲಿ ಹಾಕುತ್ತೀರಿ ಎಂಬುದನ್ನೂ ಹೇಳದ ಫಿಲ್ಟರಿಗೆ ದುಡ್ಡು ಕೊಡಬೇಡಿ.

ಉಪನ್ಯಾಸದ ಕೊನೆಗೆ ಸಭೆಯಿಂದ ಬಂದ ಪ್ರಶ್ನೆ: ನಮ್ಮ ಹೊಲದ ಎರೆಯಿಂದಲೇ ಇದನ್ನೆಲ್ಲ ಮಾಡಬಹುದಲ್ಲ?

ಮಾಡಬಹುದು. ಆದರೆ ಎರೆಯಲ್ಲಿ ಮಾಂಟ್‌ಮೊರಿಲೊನೈಟಿನ ಜೊತೆ ಸುಣ್ಣದ ಹರಳು, ಕೊಳೆತ ಎಲೆಬೇರು, ಕಬ್ಬಿಣದ ಆಕ್ಸೈಡು ಎಲ್ಲ ಇವೆ. ಮೊದಲು ಪಿಎಚ್ 5ರ ಸೋಡಿಯಂ ಅಸಿಟೇಟ್ ದ್ರಾವಣದಲ್ಲಿ ನೆನೆಸಿ ಗುಳ್ಳೆ ನಿಲ್ಲುವವರೆಗೂ ಸುಣ್ಣ ತೆಗೆಯಬೇಕು. ಸುಣ್ಣ ಬೇಗ ಹೋಗಲೆಂದು ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ ಜೇಡಿಯ ಅಲ್ಯೂಮಿನಿಯಮ್ಮೂ ಕರಗಿ ಬರುತ್ತದೆ. ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಸ್ವಲ್ಪವೇ ಹಾಕಿ ಸಾವಯವ ಅಂಶ ಸುಡಬೇಕು. ಬೀಕರ್ ದೊಡ್ಡದಿರಲಿ, ಹಾಲುಕ್ಕಿದಂತೆ ಉಕ್ಕುತ್ತದೆ. ಸಿಟ್ರೇಟ್–ಡೈಥಯೊನೈಟ್ ಹಾಕಿ ಕಬ್ಬಿಣ ತೆಗೆಯಬೇಕು. ಒಂದು ಮೋಲಾರ್ ಉಪ್ಪುನೀರಿನಲ್ಲಿ ಮೂರು ಸಲ ತೊಳೆದು ಕ್ಯಾಲ್ಸಿಯಮ್ಮಿನ ಜಾಗಕ್ಕೆ ಸೋಡಿಯಂ ತರಬೇಕು, ಮತ್ತೆ ಎಂಟು ಗಂಟೆಯ ಸೈಫನ್. ಇಷ್ಟೆಲ್ಲ ಖರ್ಚು ಮಾಡಿ ಕೈಗೆ ಬರುವ ಜೇಡಿಗಿಂತ ಕಛ್‌ನಿಂದಲೋ ಬಾರ್ಮೇರಿನಿಂದಲೋ ಬರುವ ಬೆಂಟೊನೈಟ್ ಅಗ್ಗ. ಕಾಲೇಜಿನ ಮಕ್ಕಳಿಗೆ ಕಲಿಸಲು ಮಾತ್ರ ಎರೆಗಿಂತ ಒಳ್ಳೆಯದು ಸಿಗುವುದಿಲ್ಲ. ಒಂದು ಬಾಟಲಿಯಲ್ಲಿ ಎರೆ, ಒಂದರಲ್ಲಿ ಮಸಾರಿ, ಎರಡಕ್ಕೂ ಅಷ್ಟಷ್ಟೇ ಮೆಥಿಲೀನ್ ಬ್ಲೂ ಹಾಕಿ ಕುಲುಕಿ, ಮಾರನೆಯ ದಿನ ನೋಡಲು ಹೇಳಿ.